ಹನ್ನೊಂದರ ಚೀಟಿ ಹಿಡಿದು ಫ್ರೈಬುರ್ಗ್‌ಗೆ

ಖಡಕಿ

ಮಹಾಬಳೇಶ್ವರಕ್ಕೆ ಹೋಗೋಣ ಎಂದರೆ ಮೊಣಕಾಲು ಹಿಡಿದುಕೊಳ್ಳುವ ಗಂಡಸು ಒಂದು ಬೆಳಿಗ್ಗೆ ತಾನಾಗಿಯೇ ಯುರೋಪ್ ಪ್ರವಾಸಕ್ಕೆ ಹೋಗೋಣ ಎಂದರೆ, ಹೆಂಡತಿಯಾದವಳು ಮೊದಲು ಹಣೆ ಮುಟ್ಟಿ ನೋಡಬೇಕು. ನಾನೂ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.

"ನನಗೇನ್ ಯುರೋಪ್ ನೋಡೂದಿಲ್ಲ," ಎಂದರು ನಮ್ಮವರು. "ಟೂರಿನವ್ರು ಜರ್ಮನಿ ಒಳಗ ಒಂದ ದಿನ ಖಾಲಿ ಬಿಡ್ತಾರಂತ. ಅದೊಂದ ದಿನ ಸಾಕು. ಆಕೀ ಮುಂದ ಕೂತು ಟಿಕೀಟು ಅಳದ ತೋರಸ್ತೇನಿ."

ನಮ್ಮ ಮನೆಯಲ್ಲಿ ಟಿಕೀಟು ಎಂದರೆ ರೈಲಿನದ್ದೂ ಅಲ್ಲ, ನಾಟಕದ್ದೂ ಅಲ್ಲ, ಅಂಚೆಚೀಟಿ. 'ಆಕಿ' ಎಂದರೆ ಫ್ರೈಬುರ್ಗ್ ಎಂಬ ಊರಿನಲ್ಲಿ ಕುಳಿತು ಹಳೆಯ ಅಂಚೆಚೀಟಿಗಳ ಖರೆ-ಖೋಟಾ ಹೇಳುವ ಒಬ್ಬ ಹೆಂಗಸು. ಭಾರತದ ಹಳೆಯ ಸಂಸ್ಥಾನಗಳ ಚೀಟಿ ಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿಯಂತೆ, ಅವರಲ್ಲಿ ಈಕೆ ಒಬ್ಬಳು. ಅವಳ ಮಾತಿನಿಂದ ಇವರ ಊಟ-ನಿದ್ದೆ ಕೆಟ್ಟು ಕೂತಿತ್ತು.

ನಮ್ಮವರ ಅಡ್ಡಹೆಸರು ಗಲಗಲಿ. ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ನೌಕರಿಯೆಲ್ಲ ಅಳತೆಯ ವಿಭಾಗದಲ್ಲೇ ಆಯಿತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಬಿಡಿಭಾಗವನ್ನು ತಿರುಗಿ ಕಳಿಸುವುದೇ ಕೆಲಸ. ಅದೇ ಚಟ ಮನೆಗೂ ಬಂತು, ನನ್ನ ಎಷ್ಟೋ ಚಪಾತಿಗಳು ಅವರ ಕಣ್ಣಿನ ಪರೀಕ್ಷೆಯಲ್ಲಿ ನಪಾಸಾಗಿವೆ. ಆ ಚಟಕ್ಕೆ ಸರಿಯಾದ ಜಾಗ ಸಿಕ್ಕಿದ್ದು ಅಂಚೆಚೀಟಿಗಳಲ್ಲಿ. ಚೀಟಿಯ ಅಂಚಿನಲ್ಲಿ ಹಲ್ಲುಹಲ್ಲಾಗಿ ಕಾಣುತ್ತದಲ್ಲ, ಹಾಳೆಯಿಂದ ಹರಿದುಕೊಳ್ಳಲೆಂದು ಹೊಡೆದ ತೂತುಗಳ ಗುರುತು ಅದು. ಎರಡು ಸೆಂಟಿಮೀಟರ್ ಉದ್ದಕ್ಕೆ ಎಷ್ಟು ತೂತು ಇವೆ ಎಂದು ಅರ್ಧದವರೆಗೂ ಅಳೆಯುತ್ತಾರೆ. ಅದೇ ಚಿತ್ರ, ಅದೇ ಬಣ್ಣ, ಆದರೆ ಒಂದು ಮುದ್ರಣಕ್ಕೆ ಹದಿಮೂರು ತೂತು, ಇನ್ನೊಂದಕ್ಕೆ ಹನ್ನೊಂದು. ಹದಿಮೂರರದ್ದು ಮನೆಮನೆಯಲ್ಲಿ ಸಿಗುತ್ತದೆ. ಹನ್ನೊಂದರದ್ದನ್ನು ಹುಡುಕುತ್ತಲೇ ಕೆಲವರು ಮುದುಕರಾಗುತ್ತಾರೆ.

ಪ್ರತಿ ರವಿವಾರ ನಮ್ಮ ಮನೆಯ ಮುಂಬಾಗಿಲು ತೆರೆದೇ ಇರುತ್ತಿತ್ತು. ಪುಣೆಯ ಮೂಲೆಮೂಲೆಯಿಂದ ಜನ ಚಿಮಟ, ಆಲ್ಬಮ್ ಹಿಡಿದು ಬರುತ್ತಿದ್ದರು. ಮಗರಪಟ್ಟಾದಿಂದ ಒಬ್ಬ ಇಂಜಿನಿಯರ್ ಅಷ್ಟು ದೂರ ಸ್ಕೂಟರ್ ಹೊಡೆದುಕೊಂಡು ಬರುತ್ತಿದ್ದ. ಇವರು ತಾವೇ ಕಾರ್ಖಾನೆಯಲ್ಲಿ ಕಡೆದುಕೊಂಡಿದ್ದ ಉಕ್ಕಿನ ಅಳತೆಪಟ್ಟಿ, ಅವರ ಮಾತಿನಲ್ಲಿ ಗೇಜು, ಅದರ ಮೇಲೆ ಚೀಟಿ ಇಟ್ಟು ಅಂಕಿ ಹೇಳಿದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ಹಾಗೆ ಬರುವವರಲ್ಲಿ ಎಲ್ಲರಿಗಿಂತ ಹಳಬರು ಸಾಠೆಯವರು. ಮಾರ್ಕೆಟ್ ಯಾರ್ಡಿನಲ್ಲಿ ಬಟಾಟೆಯ ಸಗಟು ವ್ಯಾಪಾರ, ಮನಸ್ಸೆಲ್ಲ ಕೊಚ್ಚಿ ಸಂಸ್ಥಾನದ ಚೀಟಿಗಳಲ್ಲಿ. ಹೋದ ವರ್ಷ ಅವರಿಗೊಂದು ಕೊಚ್ಚಿಯ ಚೀಟಿ ಸಿಕ್ಕಿತು. ಇವರು ಅಳೆದು "ಹನ್ನೊಂದು, ಖರೆ" ಎಂದರು. ಸಾಠೆ ಖುಷಿಯಿಂದ ಪೇಢೆ ಹಂಚಿದರು, ಪ್ರದರ್ಶನಕ್ಕೆ ಇಡಬೇಕೆಂದು ಫ್ರೈಬುರ್ಗ್‌ಗೆ ಪರೀಕ್ಷೆಗೆ ಕಳಿಸಿದರು. ಅದು ಬೆನ್ನ ಮೇಲೆ 'ಖೋಟಾ' ಎಂಬ ಮುದ್ರೆ ಹೊಡೆಸಿಕೊಂಡು ತಿರುಗಿ ಬಂತು. ಅಳಿಸಿದರೆ ಅಳಿಯದ ಮಸಿ. ಅಲ್ಲಿನ ಪರೀಕ್ಷಕರ ಪದ್ಧತಿಯೇ ಹಾಗಂತೆ, ಖೋಟಾ ಚೀಟಿ ಇನ್ನೊಬ್ಬರ ಕೈ ಸೇರಿ ಮೋಸ ಆಗಬಾರದೆಂದು.

ಸಾಠೆ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಚೀಟಿಯನ್ನು ಇವರ ಮೇಜಿನ ಮೇಲಿಟ್ಟು ಹೋದವರು ರವಿವಾರ ಬರುವುದನ್ನೇ ಬಿಟ್ಟರು. ಆಮೇಲೆ ಉಳಿದವರೂ ಕಡಿಮೆಯಾದರು. "ಆಕಿ ಅಳತಿ ತಪ್ಪು," ಎಂದು ಇವರು ಗೋಡೆಗೆ ಹೇಳುತ್ತಿದ್ದರು. "ಹನ್ನೊಂದಂದ್ರ ಹನ್ನೊಂದ. ಆಕೀ ಬಾಯಿಂದನ ಅದನ್ನ ಹೇಳಸ್ತೇನಿ." ಜೀವಮಾನವಿಡೀ ಗಳಿಸಿದ್ದ ಆ ಒಂದು ಮಾತಿನ ಬೆಲೆ ಉಳಿಯಬೇಕಾದರೆ ಫ್ರೈಬುರ್ಗಿನ ಹೆಂಗಸು ತಪ್ಪೊಪ್ಪಬೇಕು. ಅದಕ್ಕೇ ನಾನು ಸೀರೆಗಳ ನಡುವೆ ಸ್ವೆಟರ್ ತುರುಕಿ ಹೊರಟೆ.

ಬಸ್ಸಿನೊಳಗಿನ ಪುಣೆ

ಪುಣೆಯ ಟೂರಿನ ಜನ ಯುರೋಪಿಗೆ ಹೋಗುವುದಿಲ್ಲ, ಪುಣೆಯನ್ನೇ ಬಸ್ಸಿನಲ್ಲಿ ಹಾಕಿಕೊಂಡು ಯುರೋಪಿನ ತುಂಬ ಓಡಾಡಿಸುತ್ತಾರೆ. ಫ್ರಾಂಕ್‌ಫರ್ಟಿನಲ್ಲಿ ಇಳಿದು ಬಸ್ಸು ಹತ್ತಿ ಇನ್ನೂ ಊರು ದಾಟಿರಲಿಲ್ಲ, ಹಿಂದಿನ ಸೀಟಿನಿಂದ ಭಾಕರವಡಿಯ ಡಬ್ಬಿ ಬಂತು. ಮಧ್ಯಾಹ್ನ ಟೂರಿನವರದೇ ಅಡುಗೆಯವನ ಕೈಯ ವರಣ-ಭಾತ, ಅದೇ ತೊವ್ವೆ-ಅನ್ನ. ಹೊರಗೆ ಹಸಿರು ಗುಡ್ಡ, ಸೂಜಿಯಂಥ ಚರ್ಚುಗಳು ಓಡುತ್ತಿದ್ದರೆ ಒಳಗೆ ಪುಣೆಯ ಕೊಥರೂಡಿನಲ್ಲಿ ಈ ಸಲ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂಬ ಚರ್ಚೆ. ನನಗೂ ಅದರಲ್ಲಿ ಪಾಲಿತ್ತು, ಸುಳ್ಳೇಕೆ ಹೇಳಲಿ.

ಮೊದಲ ದಿನವೇ ಹೋಟೆಲಿನಲ್ಲಿ ಇವರು ಗಾಜಿನ ಬಾಗಿಲಿಗೆ ಹೋಗಿ ಢಬ್ಬೆಂದು ಹಣೆ ಬಡಿದುಕೊಂಡರು. ಬಸ್ಸಿನವರೆಲ್ಲ "ಕಾಕಾ, ಕಾಚ ಆಹೆ, ಕಾಚ!" ಎಂದು ನಕ್ಕರು. ಅಲ್ಲಿಯ ಗಾಜು ಅಷ್ಟು ಸ್ವಚ್ಛ, ಯಾರಿಗಾದರೂ ಹಾಗಾದೀತು ಎಂದು ನಾನೂ ನಕ್ಕೆ. ಮರುದಿನ ತಿಂಡಿಯ ಹೊತ್ತಿಗೆ ಕಾಫಿಗೆ ಸಕ್ಕರೆ ಎಂದು ಉಪ್ಪಿನ ಪೊಟ್ಟಣ ಹರಿದರು. ಪೊಟ್ಟಣದ ಮೇಲೆ ಜರ್ಮನ್ ಭಾಷೆ ಇತ್ತು, ಅದಕ್ಕೂ ನೆಪ ಸಿಕ್ಕಿತು. ಪರದೇಶದಲ್ಲಿ ನೆಪಗಳಿಗೆ ಬರವಿಲ್ಲ.

"ಹುಷಾರಿದ್ದೀರೇನ್ರಿ?" ಎಂದು ಕೇಳಿದೆ.

"ನನಗೇನ್ ಧಾಡಿ ಆಗೇದ? ನಿನಗ ನನ್ನ ಮ್ಯಾಲ ಕಣ್ಣಿಡೂದ ಬಿಟ್ಟ ಬ್ಯಾರೆ ಉದ್ಯೋಗ ಇಲ್ಲೇನು? ಯುರೋಪ್ ನೋಡು," ಎಂದು ಗದರಿದರು. ಜೇಬಿನಲ್ಲಿ ಗೇಜು ಇದೆಯೋ ಇಲ್ಲವೋ ಎಂದು ಮಾತ್ರ ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಟಿಟಿಸೀ

ಕಪ್ಪು ಕಾಡಿನ ನಡುವೆ ಒಂದು ಕೆರೆ, ಕೆರೆಯ ದಂಡೆಗೆ ಕೋಗಿಲೆ ಗಡಿಯಾರದ ಅಂಗಡಿಗಳು. ಅದೇ ಟಿಟಿಸೀ. ಟೂರಿನವರು ಖಾಲಿ ಬಿಟ್ಟ ಆ ದಿನ ನಮ್ಮ ಬಸ್ಸಿನವರು ಗಡಿಯಾರದೊಳಗಿಂದ ಮರದ ಹಕ್ಕಿ ಇಣುಕುವುದನ್ನು ಕಾಯುತ್ತ ನಿಂತರು. ನಾವಿಬ್ಬರು ಟೂರ್ ಮ್ಯಾನೇಜರಿಗೆ ಹೇಳಿ ಫ್ರೈಬುರ್ಗಿನ ರೈಲು ಹತ್ತಿದೆವು.

ಆ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಪುಣೆ-ಲೋಣಾವಳಾ ಲೋಕಲಿನಲ್ಲಿ ಖಡಕಿ ಬಿಟ್ಟು ಚಿಂಚವಡ ಬರುವುದರೊಳಗೆ ಪಕ್ಕದವಳ ನಾದಿನಿಯ ಬಾಣಂತನದ ಕಥೆ ಮುಗಿದಿರುತ್ತದೆ. ಇಲ್ಲಿ ಒಂದು ನಾಯಿ ಕೂಡ ಸೀಟಿನ ಕೆಳಗೆ ಬಾಯಿ ಮುಚ್ಚಿಕೊಂಡು ಮಲಗಿತ್ತು. ನಾನು ಪಿಸುಗುಟ್ಟಿದ್ದಕ್ಕೇ ಎದುರಿನವನು ಪೇಪರ್ ಸರಿಸಿ ನೋಡಿದ.

ಫ್ರೈಬುರ್ಗಿನಲ್ಲಿ ಇಳಿದು ರಸ್ತೆ ದಾಟಬೇಕಿತ್ತು. ಒಂದು ವಾಹನವೂ ಇಲ್ಲ, ಆದರೂ ಹತ್ತಾರು ಜನ ದಂಡೆಗೆ ಕಂಬದ ಹಾಗೆ ನಿಂತಿದ್ದರು, ಎದುರಿಗೆ ಕೆಂಪು ದೀಪದಲ್ಲಿ ನಿಂತ ಮನುಷ್ಯನ ಗುರುತು. ಇವರು ನೆಟ್ಟಗೆ ರಸ್ತೆಗಿಳಿದರು. ನಾನು ತೋಳು ಹಿಡಿದು ಎಳೆಯುವಷ್ಟರಲ್ಲಿ ಒಂದು ಟ್ರಾಮ್ ಗಂಟೆ ಬಾರಿಸುತ್ತ ನಮ್ಮ ಮೂಗಿನ ಮುಂದೆಯೇ ಹಾದುಹೋಯಿತು. ಪಕ್ಕದ ಮುದುಕಿ ಒಬ್ಬಳು ಜರ್ಮನಿನಲ್ಲಿ ಚೆನ್ನಾಗಿ ಬೈದಳು. ಭಾಷೆ ಬಾರದಿದ್ದರೂ ಬೈಗುಳ ತಿಳಿಯುತ್ತದೆ.

"ಕೆಂಪು ದೀಪ ಇತ್ತಲ್ರಿ!"

"ಹಸರ ಇತ್ತು," ಎಂದರು.

ಎದುರಿನ ದೀಪ ಇನ್ನೂ ಕೆಂಪಾಗಿಯೇ ಇತ್ತು. ಇವರು ಅದರ ಕಡೆಗೇ ಮುಖ ಮಾಡಿ ನಿಂತಿದ್ದರು. ಗಾಜಿನ ಬಾಗಿಲು, ಉಪ್ಪಿನ ಪೊಟ್ಟಣ ಎಲ್ಲ ಒಟ್ಟಿಗೆ ನೆನಪಾದವು. ಮನೆ ಬಿಟ್ಟಾಗಿನಿಂದ ಇವರು ಒಂದು ಬೋರ್ಡನ್ನೂ ಓದಿ ಹೇಳಿಲ್ಲ, ದಾರಿಯಲ್ಲಿ ಬೋರ್ಡು ಓದಿ ಹೇಳದಿದ್ದರೆ ಇವರಿಗೆ ತಿಂದ ಅನ್ನ ಕರಗುತ್ತಿರಲಿಲ್ಲ. ಅಲ್ಲೇ ಕೇಳಿಬಿಡಬೇಕು ಅನ್ನಿಸಿತು. ಆದರೆ ಚೀಟಿ ಪರೀಕ್ಷಿಸುವ ಹೆಂಗಸು ಬರಲು ಹೇಳಿದ್ದ ಸಮಯ ಆಗಿತ್ತು.

ಫ್ರೈಬುರ್ಗ್

ನಾನು ಯಾವುದೋ ಗಡಸು ಹೆಣ್ಣುಮಗಳನ್ನು ಕಲ್ಪಿಸಿಕೊಂಡಿದ್ದೆ. ಬಾಗಿಲು ತೆರೆದವಳು ನನ್ನ ವಯಸ್ಸಿನ, ಬಿಳಿಗೂದಲಿನ, ಉಣ್ಣೆಯ ಚಪ್ಪಲಿ ಹಾಕಿದ ಹೆಂಗಸು. ಒಳಗೆ ಬನ್ನಿ ಎನ್ನುವ ಮೊದಲು ನಮ್ಮ ಬೂಟು ಬಿಡಿಸಿದಳು, ಅದೊಂದು ಮನಸ್ಸಿಗೆ ಬಂತು. ಆಲೂಬುಖಾರೆಯ ಕೇಕು ಕೊಟ್ಟಳು, ಹುಲ್ಲಿನ ವಾಸನೆಯ ಚಹಾ ಕೊಟ್ಟಳು. ಹಾಲು ಕೇಳಲು ನನಗೆ ಧೈರ್ಯವಾಗಲಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ, ಮೂವರದ್ದೂ ಕಲಿತ ಇಂಗ್ಲಿಷಾದ್ದರಿಂದ ನಿಧಾನ.

ಇವರು ಕೇಕು ಮುಟ್ಟಲಿಲ್ಲ. ಸಾಠೆಯವರ ಚೀಟಿ ತೆಗೆದು, ಗೇಜು ತೆಗೆದು, ಹೆಬ್ಬೆರಳಿನ ಉಗುರನ್ನು ಚೀಟಿಯ ಅಂಚಿನ ಮೇಲೆ ಟಿಕ್ ಟಿಕ್ ಎಂದು ಓಡಿಸಿದರು. ನಾಲ್ಕೂ ಅಂಚು ಆಯಿತು. "ಹನ್ನೊಂದು. ನೀವೇ ಅಳೆದು ನೋಡಿ," ಎಂದರು.

"ಹೌದು, ಹನ್ನೊಂದೇ," ಎಂದಳು ಆಕೆ. "ಹನ್ನೊಂದಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ."

ಇವರ ಮುಖ ಅರಳಿತು. ನನ್ನ ಕಡೆ ತಿರುಗಿ, "ಕೇಳಿದಿಲ್ಲೋ ಸುಮಿ?" ಎಂದರು. ಪಾಪ, ಅಷ್ಟು ಸಂತೋಷ ಆ ಮುಖದ ಮೇಲೆ ನೋಡಿ ಬಹಳ ದಿನವಾಗಿತ್ತು.

"ಆದರೆ ಇದು ಹುಟ್ಟಿದ್ದು ಹದಿಮೂರಾಗಿ," ಎಂದು ಆಕೆ ಮುಂದುವರಿಸಿದಳು. "ಯಾರೋ ನಾಲ್ಕೂ ಬದಿಯ ಹಲ್ಲು ಕತ್ತರಿಸಿ, ಹೊಸದಾಗಿ ಹನ್ನೊಂದರ ತೂತು ಹೊಡೆದಿದ್ದಾರೆ. ತೂತು ಸರಿಯಾಗಿದೆ. ಚೀಟಿ ಗಿಡ್ಡವಾಗಿದೆ."

ಡ್ರಾವರಿನಿಂದ ತನ್ನದೊಂದು ಅಸಲಿ ಚೀಟಿ ತೆಗೆದು ಕಪ್ಪು ತಟ್ಟೆಯಲ್ಲಿ ನಮ್ಮದರ ಪಕ್ಕಕ್ಕೆ ಇಟ್ಟಳು. ನಾನು ಅಂಚೆಚೀಟಿಗಳ ಬಗ್ಗೆ ಏನೂ ಬಲ್ಲವಳಲ್ಲ, ಅವುಗಳ ಧೂಳು ಒರೆಸಿದ್ದಷ್ಟೇ ನನ್ನ ವಿದ್ಯೆ. ಆದರೂ ಕುಳಿತಲ್ಲಿಂದಲೇ ಕಂಡಿತು. ಸಾಠೆಯವರದ್ದು ಗಿಡ್ಡ. ಫೋಟೋಕ್ಕೆ ನಿಂತ ಅಕ್ಕನ ಪಕ್ಕದಲ್ಲಿ ತಂಗಿ ನಿಂತ ಹಾಗೆ, ಕುರುಡರಿಗೂ ಕಾಣುವಂತಿತ್ತು ಎಂದು ಬರೆಯಲು ಹೋಗಿ ಕೈ ತಡೆಯಿತು.

ಇವರು ತಟ್ಟೆಯ ಮೇಲೆ ಬಗ್ಗಿದರು. ಕಾಳು ಹುಡುಕುವ ಕೋಳಿಯಂತೆ ಕತ್ತನ್ನು ಅತ್ತ ಓರೆ ಮಾಡಿದರು, ಇತ್ತ ಓರೆ ಮಾಡಿದರು.

"ಎರಡೂ ಒಂದೇ ಅಳತೆ," ಎಂದರು.

ಆಕೆ ನನ್ನನ್ನು ನೋಡಿದಳು. ನಾನು ಆಕೆಯನ್ನು ನೋಡಿದೆ. ಆಮೇಲೆ ಆಕೆ ಇವರಿಗೆ ಬಹಳ ಮೆತ್ತಗೆ, "ಇದರಲ್ಲಿ ನಿಮ್ಮದು ಯಾವುದು, ತೆಗೆದುಕೊಳ್ಳಿ," ಎಂದಳು. ಇವರು ಚಿಮಟದಿಂದ ಆಕೆಯ ಚೀಟಿಯನ್ನು ಎತ್ತಿ ತಮ್ಮ ಲಕೋಟೆಯೊಳಗೆ ಹಾಕಿಕೊಂಡರು.

ಆಕೆ ಇವರನ್ನು ಕೇಳಿದಳು, "ಯಾವಾಗಿನಿಂದ ಹೀಗೆ?"

"ಏನ ಕೇಳ್ತಾಳ ಆಕಿ?" ಎಂದು ಇವರು ನನ್ನನ್ನು ಕನ್ನಡದಲ್ಲಿ ಕೇಳಿದರು. ನನಗಿಂತ ಹತ್ತು ಪಾಲು ಇಂಗ್ಲಿಷ್ ಬಲ್ಲ ಮನುಷ್ಯ! ನನಗೆ ಸಿಟ್ಟು ನೆತ್ತಿಗೇರಿತು.

"ಏನ್ ಕೇಳಿದ್ಲಂತ ನಿಮಗ ಛೊಲೋ ತಿಳದದ. ಹೇಳ್ರಿ. ಆಕಿಗ್ ಬ್ಯಾಡ, ನನಗ ಹೇಳ್ರಿ."

ಚಿಮಟ ಕೆಳಗಿಟ್ಟು ಹೇಳಿದರು, "ಸಾಠೆ ಈ ಟಿಕೀಟು ತರೂಕಿಂತ ಭಾಳ ಮೊದಲ. ಕಣ್ಣಿನ ನಡುವ ಒಂದು ಕಲೆ ಬಿದ್ದದ. ಎಲ್ಲಿ ನೋಡ್ತೇನಿ, ಅಲ್ಲೇ ಅದ ಕೂಡತದ."

ಚೀಟಿಗಳನ್ನು ಇವರು ಉಗುರಿನಿಂದ ಎಣಿಸುತ್ತಿದ್ದರು. ಗೇಜಿನ ಗೆರೆಗೆ ಹಲ್ಲು ಕೂಡಿತೋ ಇಲ್ಲವೋ ಎಂದು ಬೆರಳಿಗೇ ತಿಳಿಯುತ್ತಿತ್ತು, ಅಂಕಿ ಒಮ್ಮೆಯೂ ತಪ್ಪಲಿಲ್ಲ. ಆದರೆ ಅಂಚು ಕತ್ತರಿಸಿದ ಚೀಟಿಯನ್ನು ಉಗುರು ಹಿಡಿಯಲಾರದು, ಅದನ್ನು ಕಣ್ಣೇ ಹಿಡಿಯಬೇಕು. ಬೇರೆ ಯಾರಾದರೂ ಆಗಿದ್ದರೆ ಅಂಕಿಯನ್ನೇ ತಪ್ಪಿ ಹೇಳಿ ಎಂದೋ ಸಿಕ್ಕಿಬೀಳುತ್ತಿದ್ದರು. ಇವರು ಅಷ್ಟು ಸರಿಯಾಗಿ ಎಣಿಸಿದ್ದರಿಂದಲೇ ಇಷ್ಟು ದಿನ ಮುಚ್ಚಿಡುವುದಾಯಿತು.

ಆಕೆ ತನ್ನ ಅಣ್ಣನಿಗೂ ಹೀಗೇ ಆಗಿತ್ತು ಎಂದಳು. ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ, ಬೇಗ ಹೋದರೆ ಅಲ್ಲಿಗೇ ನಿಲ್ಲುತ್ತದೆ, ಡಾಕ್ಟರು ಏನಂದರು ಎಂದು ಕೇಳಿದಳು. ಇವರು ತಲೆ ಅಲ್ಲಾಡಿಸಿದರು. ಡಾಕ್ಟರ ಹತ್ತಿರ ಹೋಗಿಯೇ ಇರಲಿಲ್ಲ.

"ಯಾಕ್ರಿ?" ನನ್ನ ದನಿ ಏರಿತು. "ಮನಿ ಹಿಂದ ದವಾಖಾನಿ ಅದ! ಯಾಕ ಹೋಗಲಿಲ್ಲ?"

"ಹೋದ್ರ ಹೌದು ಅಂತಿದ್ರು. ಹೌದು ಅಂದ್ರ ರವಿವಾರ ಬಂದ್ ಆಗ್ತಿತ್ತು," ಎಂದರು.

ಆಕೆ ನಮ್ಮ ಲಕೋಟೆಯಿಂದ ತನ್ನ ಚೀಟಿಯನ್ನು ಹೊರತೆಗೆದು, ಸಾಠೆಯವರದ್ದನ್ನು ಒಳಗಿಟ್ಟು, ಇವರ ಕೈಗೆ ಕೊಟ್ಟಳು. ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟಳು. ಸ್ಟೇಶನ್ನಿನ ಬೆಂಚಿನ ಮೇಲೆ ಕುಳಿತು ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಆ ದೇಶದಲ್ಲಿ ಯಾರೂ ಯಾರ ಗೊಡವೆಗೂ ಬರುವುದಿಲ್ಲ. ಎಲ್ಲರೂ ಸ್ವಲ್ಪ ಆಚೆ ಸರಿದು ನಿಂತು ರೈಲು ಕಾದರು.

ಹಿಮದ ಮೇಲೆ

ಟೂರು ನಿಲ್ಲುವುದಿಲ್ಲ. ಮರುದಿನ ಸ್ವಿಟ್ಜರ್‌ಲೆಂಡ್. ಹಲ್ಲಿನ ಗಾಲಿಯ ರೈಲು ಗುಡ್ಡ ಹತ್ತಿಸಿ ನಮ್ಮನ್ನೆಲ್ಲ ಹಿಮದ ಮೇಲೆ ಇಳಿಸಿತು. ನಮ್ಮ ಬಸ್ಸಿನ ಹೆಂಗಸರು ಒಂಬತ್ತು ಗಜದ ನೌವಾರಿ ಸೀರೆ ಉಟ್ಟು, ಕೆಳಗೆ ಬೂಟು ಹಾಕಿ ಫೋಟೋ ತೆಗೆಸಿಕೊಂಡರು. ಒಬ್ಬರು ಹಿಮದುಂಡೆ ಮಾಡಿ ಗಂಡನ ಬೆನ್ನಿಗೆ ಹೊಡೆದರು. ನನಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು.

"ಏನೇನ್ ಕಾಣತದ ನಿಮಗ, ಖರೆ ಹೇಳ್ರಿ," ಎಂದೆ.

"ಸುತ್ತೆಲ್ಲ ಬೆಳ್ಳಗದ. ನಡುವ ಬೂದಿ." ನನ್ನ ಕಡೆ ತಿರುಗಿ ಅಂದರು, "ನಿನ್ನ ನೆಟ್ಟಗ ನೋಡಿದ್ರ ನೀ ಇರೂದುಲ್ಲ ಸುಮಿ. ಬಾಜೂಕ ನೋಡಿದ್ರ ಇರ್ತಿ."

ಇವರ ಮಫ್ಲರ್ ಸರಿ ಮಾಡಿದೆ, ತೋಳು ಹಿಡಿದು ರೈಲಿಗೆ ಕರೆದುಕೊಂಡು ಹೋದೆ. ಆಮೇಲೆ ನೋಡಿದ ಊರುಗಳ ಹೆಸರು ನನಗೆ ನೆನಪಿಲ್ಲ. ಎಲ್ಲಿ ಮೆಟ್ಟಿಲಿದ್ದವು, ಎಲ್ಲಿ ನೆಲ ಜಾರುತ್ತಿತ್ತು ಎಂಬುದು ಮಾತ್ರ ನೆನಪಿದೆ.

ತಿರುಗಿ ಖಡಕಿ

ಬಂದ ಕೂಡಲೇ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಕಣ್ಣಿನ ಹಿಂಭಾಗದ ಪರದೆಯ ನಡುವೆ ಗಾಯ ಒಣಗಿ ಕಲೆಗಟ್ಟಿದೆ, ಇಂಜೆಕ್ಷನ್ನಿನ ಹೊತ್ತು ದಾಟಿಹೋಗಿದೆ ಎಂದರು. "ಮೊದಲೇ ಬಂದಿದ್ದರೆ," ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಫೈಲು ಮುಚ್ಚಿದರು.

ನಾವು ಬಂದ ಸುದ್ದಿ ತಿಳಿದು ಸಾಠೆಯವರು ರವಿವಾರ ಬರುತ್ತೇನೆಂದು ಫೋನು ಮಾಡಿದರು. ಅಂದು ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನನ್ನು ಕರೆದರು.

"ಟಿಕೀಟು ಖೋಟಾ ಅಂತ ನಾನ ಹೇಳ್ತೇನಿ. ಕಣ್ಣಿನ ಮಾತು ನೀ ತಗೀಬ್ಯಾಡ."

"ಯಾಕ?"

"ತಪ್ಪಿದಾಂವ ಅಂದ್ರ ನಡೀತದ. ಕುರುಡ ಅಂದ್ರ ನಡಿಯೂದುಲ್ಲ."

ಸಾಠೆ ಬಂದರು. ಇವರು ಮುಚ್ಚುಮರೆಯಿಲ್ಲದೆ ಹೇಳಿದರು, ಚೀಟಿ ಖೋಟಾ, ಆ ಹೆಂಗಸು ಹೇಳಿದ್ದೇ ಸರಿ, ನನ್ನ ಲಕ್ಷ್ಯ ತಪ್ಪಿತು, ಕ್ಷಮಿಸಿ. ಸಾಠೆಯವರ ಕಣ್ಣಲ್ಲಿ ನೀರು ಬಂತು. "ಅಹೋ ಗಲಗಲಿ ಸಾಹೇಬ, ಅಷ್ಟು ದೂರ ಹೋಗಿ ಬಂದಿರಾ ಇದಕ್ಕಾಗಿ!" ಎಂದು ಮರಾಠಿಯಲ್ಲಿ ಅಂದು, ಇವರ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಎಲ್ಲ ಮೊದಲಿನಂತೆ ಆಯಿತು ಎಂದು ತೋರಿಸುವುದಕ್ಕೋ ಏನೋ, ಚೀಲದಿಂದ ಹೊಸ ಆಲ್ಬಮ್ ತೆಗೆದು, ಒಂದು ಚೀಟಿಯನ್ನು ಇವರ ಅಂಗೈಯಲ್ಲಿಟ್ಟು, ಇದೊಂದು ನೋಡಿ ಎಂದರು.

ಇವರು ತೆಗೆದುಕೊಂಡರು. ಬೇಡ ಎನ್ನುತ್ತಾರೆಂದು ನಾನು ಕಾದೆ. ಉಗುರು ಅಂಚಿನ ಮೇಲೆ ಹೋಯಿತು.

ನನಗೆ ತಡೆಯಲಾಗಲಿಲ್ಲ. "ಭಾವಜೀ, ತ್ಯಾಂನಾ ದಿಸತ್ ನಾಹೀ," ಎಂದುಬಿಟ್ಟೆ. ಅವರಿಗೆ ಕಣ್ಣು ಕಾಣುವುದಿಲ್ಲ.

"ತಿಚ್ಯಾಕಡೆ ಲಕ್ಷ ದೇಊ ನಕಾ," ಎಂದರು ಇವರು, ಇವಳ ಮಾತು ಕಿವಿಗೆ ಹಾಕಿಕೊಳ್ಳಬೇಡಿ ಎಂದು. ಉಗುರು ನಿಲ್ಲಲಿಲ್ಲ. ನಾಲ್ಕನೆಯ ಅಂಚು ಮುಗಿಸಿ, "ಸಾಡೇ ಅಕರಾ," ಎಂದರು. ಹನ್ನೊಂದೂವರೆ.

ಸಾಠೆ ನನ್ನನ್ನೇ ನೋಡುತ್ತಿದ್ದರು. ಇವರು ಅಂಕಿ ಹೇಳಿದ ಕೂಡಲೇ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಆಲ್ಬಮ್ಮಿನಲ್ಲಿ ಚೀಟಿಯ ಕೆಳಗೆ ಬರೆದುಕೊಳ್ಳುವುದು ಅವರ ರೂಢಿ. ಅಂದು ಪೆನ್ಸಿಲ್ ಕಿವಿಯ ಹಿಂದೆಯೇ ಉಳಿಯಿತು.

"ಲಿಹಿಲಂತ್ ಕಾ?" ಎಂದು ಇವರು ಕೇಳಿದರು. ಬರೆದುಕೊಂಡಿರಾ?

"ಹೋ ಸಾಹೇಬ, ಲಿಹಿಲಂ," ಎಂದರು ಸಾಠೆ, ಬರೆದುಕೊಂಡೆ ಎಂದು. ಅವರ ಎರಡೂ ಕೈ ಮೊಣಕಾಲ ಮೇಲಿದ್ದವು.

ಇವರು ಸಮಾಧಾನದಿಂದ ತಲೆದೂಗಿದರು, ಮುಂದಿನ ಚೀಟಿ ಕೊಡಿ ಎಂದು ಕೈ ಚಾಚಿದರು.